ಕೈಯಿಂದ ಕೈಗೆ ಬಂದ ಕೆಂಪು

ದಾಸವಾಳಕ್ಕೆ ಕಾಡಿಲ್ಲ. ಮಾವಿಗೆ ಕಾಡುಮಾವಿದೆ, ಮಲ್ಲಿಗೆಗೆ ಕಾಡುಮಲ್ಲಿಗೆ ಇದೆ, ಬಾಳೆಗೆ ಬೀಜ ತುಂಬಿದ ಕಾಡುಬಾಳೆ ಇದೆ. ಆದರೆ ಬಾವಿಕಟ್ಟೆಯ ಬಳಿ, ಗದ್ದೆಯ ಬೇಲಿಯಲ್ಲಿ, ಬೆಂಗಳೂರಿನ ಮೂವತ್ತು-ನಲವತ್ತರ ಸೈಟಿನ ಕಾಂಪೌಂಡಿಗೆ ಒರಗಿಕೊಂಡು ದಿನವೂ ಹೂ ಬಿಡುವ ಆ ಐದೆಸಳಿನ ಕೆಂಪು ದಾಸವಾಳ ಯಾವ ದೇಶದ ಯಾವ ಕಾಡಿನಲ್ಲೂ ತಾನೇ ತಾನಾಗಿ ಹುಟ್ಟಿ ಬೆಳೆದದ್ದನ್ನು ಸಸ್ಯಶಾಸ್ತ್ರಜ್ಞರು ಕಂಡಿಲ್ಲ. ಅದು ಕಂಡಲ್ಲೆಲ್ಲ ಪಕ್ಕದಲ್ಲೊಂದು ಮನೆಯಿರುತ್ತದೆ. ಮಲೆನಾಡಿನ ಕಾಡಂಚಿನಲ್ಲಿ ಒಂಟಿ ದಾಸವಾಳ ಎದುರಾದರೆ ಸುತ್ತ ಸ್ವಲ್ಪ ಕಾಲಾಡಿಸಿ ನೋಡಿ. ಕುಸಿದ ಪಂಚಾಂಗವೋ, ತುಳಸಿಕಟ್ಟೆಯ ಕಲ್ಲೋ ಸಿಗದೆ ಇರದು. ಮನೆಯವರು ಹೋಗಿಯಾಗಿದೆ, ಗಿಡ ಉಳಿದಿದೆ.

ಇಷ್ಟು ಪರಿಚಿತವಾದ ಗಿಡದ ಹುಟ್ಟೂರು ಯಾವುದೆಂಬುದು ದೊಡ್ಡ ಒಗಟು. 1753ರಲ್ಲಿ ಲಿನೇಯಸ್ ಇದಕ್ಕೆ ಹೈಬಿಸ್ಕಸ್ ರೋಸಾ ಸೈನೆನ್ಸಿಸ್ ಎಂದು ಹೆಸರಿಟ್ಟು ಚೀನಾದ ಲೆಕ್ಕಕ್ಕೆ ಬರೆದ. ಆದರೆ ಚೀನಾದಲ್ಲೂ ಅದು ತೋಟದ ಗಿಡವೇ. ಅದಕ್ಕೂ ಮುಂಚೆ, ಕೊಚ್ಚಿಯಲ್ಲಿ ಡಚ್ಚರ ಅಧಿಕಾರಿಯಾಗಿದ್ದ ವಾನ್ ರೀಡ್ ಸಿದ್ಧಪಡಿಸಿದ, 1678ರಿಂದ 1693ರವರೆಗೆ ಆಮ್‌ಸ್ಟರ್‌ಡಾಮಿನಲ್ಲಿ ಅಚ್ಚಾದ ಹನ್ನೆರಡು ಸಂಪುಟಗಳ ‘ಹೋರ್ಟಸ್ ಮಲಬಾರಿಕಸ್’ನಲ್ಲಿ ಚೆಂಪರತ್ತಿ ಎಂಬ ಮಲಯಾಳಿ ಹೆಸರಿನಲ್ಲೇ ಇದರ ಚಿತ್ರವಿದೆ. ಅಲ್ಲಿಯೂ ಅದು ಹಿತ್ತಲಿನದೇ. ಇನ್ನೂ ಹಿಂದಕ್ಕೆ ಹೋದರೆ ಕಾಳಿದಾಸ ಸಿಗುತ್ತಾನೆ. ‘ಮೇಘದೂತ’ದಲ್ಲಿ ಯಕ್ಷ ಮೋಡಕ್ಕೆ ಉಜ್ಜಯಿನಿಯ ದಾರಿ ಹೇಳುವಾಗ, ಮಹಾಕಾಲನ ಸಂಜೆಯ ತಾಂಡವದ ಹೊತ್ತಿಗೆ ಮೋಡ ಹೊದೆಯಬೇಕಾದ ಕೆಂಪು ಯಾವುದೆಂದರೆ ಆಗತಾನೆ ಅರಳಿದ ಜಪಾಪುಷ್ಪದ ಕೆಂಪು. ಜಪಾಪುಷ್ಪವೆಂದರೆ ನಮ್ಮ ದಾಸವಾಳ ಎಂದು ಪರಂಪರೆ ಹೇಳುತ್ತದೆ. ಓದುಗರಿಗೆ ವಿವರಿಸಬೇಕಾದ ಅಗತ್ಯವೇ ಇಲ್ಲದಷ್ಟು ಅದು ಆಗಲೇ ಮನೆಮಾತಾಗಿತ್ತು ಅನ್ನುವುದು ಆ ಹೋಲಿಕೆಯಲ್ಲೇ ತಿಳಿಯುತ್ತದೆ.

ಈಚಿನ ವರ್ಷಗಳಲ್ಲಿ ಕೆಲವು ಸಸ್ಯಶಾಸ್ತ್ರಜ್ಞರು ಪೆಸಿಫಿಕ್ ಸಾಗರದತ್ತ ಬೊಟ್ಟು ಮಾಡುತ್ತಿದ್ದಾರೆ. ಅಲ್ಲಿನ ದ್ವೀಪಗಳ ಎರಡು ಬೇರೆ ಬೇರೆ ಕಾಡು ದಾಸವಾಳಗಳನ್ನು ದೋಣಿಯಲ್ಲಿ ದ್ವೀಪದಿಂದ ದ್ವೀಪಕ್ಕೆ ಹೊತ್ತೊಯ್ದ ಜನರ ಹಿತ್ತಲಿನಲ್ಲಿ ಅವೆರಡೂ ಕೂಡಿ ಈ ಗಿಡ ಹುಟ್ಟಿತು ಎಂಬುದು ಅವರ ವಾದ. ಅದು ನಿಜವಾದರೆ, ಕಾಡು ನೋಡದೆ ಹುಟ್ಟಿದ ಗಿಡ ಇದು. ತವರೂರು ಅಂದರೆ ಯಾರದೋ ಮನೆಯಂಗಳ.

ನನಗೆ ಬೆರಗು ಶುರುವಾಗುವುದು ಇದಾದ ಮೇಲೆ. ಹಿತ್ತಲಿನಲ್ಲಿ ಹುಟ್ಟಿದ್ದು ಲೋಕವೆಲ್ಲ ಹರಡಿದ್ದು ಹೇಗೆ? ಬೀಜದಿಂದಂತೂ ಅಲ್ಲ. ನಮ್ಮ ಕಡೆಯ ಕೆಂಪು ದಾಸವಾಳ ಕಾಯಿ ಕಟ್ಟುವುದು ತೀರ ಅಪರೂಪ. ಇಡೀ ಬಾಲ್ಯ ಆ ಗಿಡದ ಬುಡದಲ್ಲಿ ಕಳೆದವರನ್ನೂ ಕೇಳಿ ನೋಡಿ, ದಾಸವಾಳದ ಬೀಜ ಹೇಗಿರುತ್ತದೆ ಎಂದರೆ ತಡವರಿಸುತ್ತಾರೆ. ಹಲವು ಪಟ್ಟು ಹೆಚ್ಚಿದ ವರ್ಣತಂತುಗಳು, ಬೆರಕೆಯ ಮೈ, ಊರೆಲ್ಲ ಒಂದೇ ಗಿಡದ ತುಂಡುಗಳಾದ್ದರಿಂದ ಪರಾಗವೂ ತನ್ನದೇ: ಕಾರಣಗಳು ಹಲವಿವೆ. ಫಲ ಮಾತ್ರ ಒಂದೇ, ಹೂವು ಉದುರುತ್ತದೆ, ಹಿಂದೆ ಏನೂ ಉಳಿಯುವುದಿಲ್ಲ.

ಹಾಗೆಂದು ಹೂವು ತನ್ನ ಕೆಲಸದಲ್ಲಿ ಕಿಂಚಿತ್ತೂ ಅಸಡ್ಡೆ ತೋರುವುದಿಲ್ಲ. ಬೆಳಗಿನ ಹೂವೊಂದನ್ನು ಕಿತ್ತು ನೋಡಿ. ಹಸಿರು ಬಟ್ಟಲಿನ ಕೆಳಗೆ ಇನ್ನೊಂದು ಸುತ್ತು ಸಣ್ಣ ಹಸಿರು ಕಡ್ಡಿಗಳಿವೆ, ಒಳಲಂಗಕ್ಕೆ ಮೇಲಿಂದ ತೊಡಿಸಿದ ಜಾಲರಿಯ ಹಾಗೆ. ಒಳಗೆ ಐದು ಎಸಳು. ಪ್ರತಿ ಎಸಳಿನ ಒಂದಂಚು ಪಕ್ಕದ್ದರ ಮೇಲೆ, ಇನ್ನೊಂದಂಚು ಪಕ್ಕದ್ದರ ಅಡಿಗೆ. ಮೊಗ್ಗಿನಲ್ಲಿ ಇವು ಕೊಡೆ ಮಡಚಿದ ರೀತಿ ಸುರುಳಿ ಸುತ್ತಿರುತ್ತವೆ. ಸುರುಳಿ ಒಂದು ಮೊಗ್ಗಿನಲ್ಲಿ ಎಡಕ್ಕಿದ್ದರೆ ಅದೇ ಗಿಡದ ಮತ್ತೊಂದರಲ್ಲಿ ಬಲಕ್ಕೆ. ಯಾವುದು ಎತ್ತ ತಿರುಗಬೇಕೆಂದು ಯಾರು ಹೇಳಿಕೊಡುತ್ತಾರೋ! ನಡುವಿನಿಂದ ಎಸಳಿಗಿಂತ ಉದ್ದಕ್ಕೆ ಚಾಚಿಕೊಂಡ ದಂಡು. ಅದು ಒಂದಲ್ಲ, ಎರಡು: ಹೊರಗಿನದು ಕೇಸರಗಳೆಲ್ಲ ಬೆಸೆದು ಆದ ಕೊಳವೆ, ಮೈತುಂಬ ಹಳದಿ ಪರಾಗದ ಚುಕ್ಕಿ. ಅದರೊಳಗಿಂದ ನುಸುಳಿ ತುದಿಯಲ್ಲಿ ಹೊರಬರುವುದು ಶಲಾಕೆ. ಅದು ಐದಾಗಿ ಕವಲೊಡೆದು, ಪ್ರತಿ ಕವಲಿನ ತುದಿಗೂ ಮಖಮಲ್ಲಿನ ಗುಂಡು ಹೊತ್ತಿರುತ್ತದೆ. ಹೈಸ್ಕೂಲಿನ ಜೀವಶಾಸ್ತ್ರದ ತರಗತಿಯಲ್ಲಿ ಬ್ಲೇಡಿನಿಂದ ಸೀಳಿ ನೋಡಿ ಚಿತ್ರ ಬಿಡಿಸಿ ಹತ್ತು ಭಾಗ ಗುರುತಿಸಿದವರಿಗೆಲ್ಲ ಇದು ಗೊತ್ತಿರುವುದೇ. ಅಂಕ ಬಂದ ಮೇಲೆ ಮರೆತಿರುತ್ತೇವೆ.

ಈ ಇಡೀ ಏರ್ಪಾಡು ಹಕ್ಕಿಗಾಗಿ. ಮಕರಂದ ಕೆಳಗೆ, ಎಸಳಿನ ಬುಡದಲ್ಲಿ. ಅದಕ್ಕಾಗಿ ತಲೆ ತೂರಿಸಿದ ಹಕ್ಕಿಯ ಮೈಗೆ ಪರಾಗ ಬಳಿಯಲೆಂದು ದಂಡು ಅಷ್ಟು ಮುಂದಕ್ಕೆ ಚಾಚಿದೆ. ನಮ್ಮ ಸೂರಕ್ಕಿಗೋ ಅಷ್ಟೆಲ್ಲ ತಾಳ್ಮೆಯಿಲ್ಲ. ಅದು ಹೂವಿನ ಮುಂದುಗಡೆಗೆ ಬರುವುದೇ ಕಡಿಮೆ. ಪಕ್ಕದ ಕೊಂಬೆಯ ಮೇಲೆ ಕೂತು, ಬಟ್ಟಲಿನ ಬುಡಕ್ಕೆ ಕೊಕ್ಕಿನಿಂದ ಒಂದು ತೂತು ಕೊರೆದು, ಹಿತ್ತಲ ಬಾಗಿಲಿನಿಂದಲೇ ಹೀರಿಕೊಂಡು ಹೋಗುತ್ತದೆ. ಪರಾಗದ ಒಂದು ಕಣವೂ ಅದರ ರೆಕ್ಕೆಗೆ ತಗಲುವುದಿಲ್ಲ. ತಗಲಿದ್ದರೂ ಈ ಗಿಡಕ್ಕೆ ಆಗುವ ಲಾಭ ಅಷ್ಟಕ್ಕಷ್ಟೆ. ಬೀಜವಾಗದ ಹೂವು, ಪರಾಗ ಸಾಗಿಸದ ಹಕ್ಕಿ. ಆದರೂ ಗಿಡ ಬೆಳಿಗ್ಗೆ ಬೆಳಿಗ್ಗೆ ಅದೇ ಶ್ರದ್ಧೆಯಿಂದ ಅರಳುತ್ತದೆ, ಸಂಜೆ ಮುದುಡುತ್ತದೆ. ಕಿತ್ತು ದೇವರ ತಲೆಯ ಮೇಲಿಟ್ಟರೂ, ನೀರಿಲ್ಲದ ತಟ್ಟೆಯಲ್ಲಿಟ್ಟರೂ ಸಂಜೆಯವರೆಗೆ ಅರಳಿಯೇ ಇರುತ್ತದೆ. ಗಿಡದಲ್ಲೇ ಬಿಟ್ಟರೂ ಸಂಜೆಗೆ ಮುದುಡುತ್ತದೆ. ಕಿತ್ತದ್ದಕ್ಕೂ ಬಿಟ್ಟದ್ದಕ್ಕೂ ಆಯುಷ್ಯ ಒಂದೇ ಹಗಲು. ಹೂ ಕೀಳುವಾಗ ಕೈ ಹಿಂಜರಿಯುವ ನನ್ನಂಥವರಿಗೆ ಇದೊಂದು ಸಮಾಧಾನ.

ಹಾಗಾದರೆ ಉಜ್ಜಯಿನಿಗೂ ಕೊಚ್ಚಿಗೂ ನಿಮ್ಮ ಕಾಂಪೌಂಡಿಗೂ ಇದನ್ನು ತಂದದ್ದು ಯಾರು? ಕೈಗಳು. ಬೇರೆ ಯಾವ ಸಾಗಣೆಯೂ ಇಲ್ಲ. ಗಾಳಿಯಲ್ಲಿ ಹಾರುವ ಹತ್ತಿಯಿಲ್ಲ, ಬಟ್ಟೆಗೆ ಅಂಟುವ ಮುಳ್ಳಿಲ್ಲ, ಹಕ್ಕಿಯ ಹೊಟ್ಟೆಯಲ್ಲಿ ಪಯಣಿಸುವ ಹಣ್ಣಿಲ್ಲ. ಇರುವುದು ‘ಅಕ್ಕಾ, ಒಂದು ಗೆಲ್ಲು ಕೊಡ್ತೀರಾ?’ ಎಂಬ ಮಾತು. ಬಾಣಂತನ ಮುಗಿಸಿ ತವರಿನಿಂದ ಹೊರಟವಳ ಬ್ಯಾಗಿನಲ್ಲಿ ಒದ್ದೆ ಬಟ್ಟೆ ಸುತ್ತಿದ ನಾಲ್ಕು ಕಡ್ಡಿ. ಮದುವೆ ಮನೆಗೆ ಹೋದವರು ಊಟವಾದ ಮೇಲೆ ಹಿತ್ತಲಿಗೆ ಹೋಗಿ ಬಂದು, ಬಸ್ಸಿನ ಕಿಟಕಿಯ ಪಕ್ಕ ಜೋಪಾನವಾಗಿ ಹಿಡಿದುಕೊಂಡು ಕೂತ ಕಟ್ಟು. ಕೇಳದೆ ಮುರಿದುಕೊಂಡದ್ದೂ ಉಂಟು. ಕದ್ದ ಗಿಡ ಚೆನ್ನಾಗಿ ಬರುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಎಲ್ಲ ಕಡೆಯೂ ಇದೆ. ಸಭ್ಯರೆನಿಸಿಕೊಂಡವರೂ ದಾಸವಾಳದ ವಿಷಯದಲ್ಲಿ ಈ ನಂಬಿಕೆಗೆ ನಿಷ್ಠರು. ಸಾವಿರಾರು ವರ್ಷ ಒಬ್ಬರಲ್ಲ ಒಬ್ಬರು ಹೀಗೆ ಮುರಿಯದೆ, ಊರದೆ ಹೋಗಿದ್ದರೆ ಈ ಗಿಡ ಭೂಮಿಯ ಮೇಲೆ ಉಳಿಯುತ್ತಲೇ ಇರಲಿಲ್ಲ. ರಾಜರು ಹೊರಡಿಸಿದ ಆಜ್ಞೆಯಲ್ಲ, ಇಲಾಖೆಯ ಯೋಜನೆಯಲ್ಲ. ಹೆಚ್ಚುಕಡಿಮೆ ಹೆಂಗಸರೇ ನಡೆಸಿಕೊಂಡು ಬಂದ, ಯಾವ ದಾಖಲೆಯಲ್ಲೂ ಬರೆಯದ ಕೊಡು-ಕೊಳ್ಳುವಿಕೆ ಇದು.

ಆ ಗೆಲ್ಲು ಬದುಕುವುದೂ ಸಣ್ಣ ಸಂಗತಿಯಲ್ಲ. ಪೆನ್ಸಿಲ್ ದಪ್ಪದ ಕಡ್ಡಿ, ಬೇರಿಲ್ಲ, ಎಲೆಯನ್ನೂ ತರಿದಿರುತ್ತೇವೆ. ಆರಿದ್ರಾ ಮಳೆಯಲ್ಲಿ ಒದ್ದೆ ಮಣ್ಣಿಗೆ ಚುಚ್ಚಿ ಬಿಟ್ಟರೆ ಕೆಲವೇ ವಾರಗಳಲ್ಲಿ ಕತ್ತರಿಸಿದ ಬಾಯಿಯಲ್ಲಿ ಬಿಳಿಯ ಗಂಟು ಕಟ್ಟಿ, ಅದರ ಸುತ್ತಮುತ್ತಲಿಂದ ಬೇರು ಇಳಿಯುತ್ತದೆ. ನಿನ್ನೆಯವರೆಗೆ ಕೊಂಬೆಯಾಗಿದ್ದ ಕಣಗಳಿಗೆ ಬೇರಾಗುವುದು ಹೇಗೆಂದು ಎಲ್ಲಿಂದ ತಿಳಿಯಿತು? ತುದಿಯ ಚಿಗುರಿನಲ್ಲಿ ಹುಟ್ಟುವ ಆಕ್ಸಿನ್ ಎಂಬ ರಸ ಕಣದಿಂದ ಕಣಕ್ಕೆ ಕೆಳಮುಖವಾಗಿ ಇಳಿಯುತ್ತದೆ. ದಾರಿ ಕತ್ತರಿಸಿಹೋದಲ್ಲಿ ಮುಂದೆ ಹೋಗಲಾಗದೆ ಶೇಖರವಾಗುತ್ತದೆ. ಅಲ್ಲಿನ ಕಣಗಳಿಗೆ ಅದೇ ಬೇರು ಬಿಡುವ ಸೂಚನೆ. ಇಂಥದ್ದೊಂದು ರಸವಿದೆ ಎಂದು ಹಾಲೆಂಡಿನ ಫ್ರಿಟ್ಸ್ ವೆಂಟ್ 1928ರಲ್ಲಿ ಓಟ್ಸ್ ಮೊಳಕೆಗಳ ಮೇಲೆ ಪ್ರಯೋಗ ಮಾಡಿ ತೋರಿಸಿದ. ಇದರಲ್ಲಿ ನನ್ನನ್ನು ತುಂಬ ಕಾಡುವ ವಿವರವೆಂದರೆ, ರಸ ಇಳಿಯುವ ದಿಕ್ಕು ಭೂಮಿಯ ಸೆಳೆತದ್ದಲ್ಲ, ಕಡ್ಡಿಯದೇ. ಕಡ್ಡಿಯನ್ನು ತಲೆಕೆಳಗಾಗಿ ಊರಿದರೂ ರಸ ತನ್ನ ಹಳೆಯ ಬುಡದ ಕಡೆಗೇ, ಅಂದರೆ ಈಗ ಆಕಾಶ ನೋಡುತ್ತಿರುವ ತುದಿಗೇ ಹೋಗುತ್ತದೆ. ಗಾಳಿಯಲ್ಲಿ ಬೇರು ಎಲ್ಲಿಗೆ ಇಳಿಯಬೇಕು? ಕಡ್ಡಿ ಒಣಗುತ್ತದೆ. ಗಿಡದಿಂದ ಬೇರೆಯಾಗಿ, ಎಲೆ ಕಳೆದುಕೊಂಡು, ಬಸ್ಸಿನಲ್ಲಿ ಊರು ದಾಟಿ ಬಂದ ಗೇಣುದ್ದದ ತುಂಡಿಗೂ ತನ್ನ ಮೇಲು ಯಾವುದು, ಕೆಳಗು ಯಾವುದು ಎಂಬುದು ಮರೆತಿರುವುದಿಲ್ಲ.

ಹಾಗೆ ಬೇರು ಬಿಟ್ಟದ್ದು ಹೊಸ ಗಿಡವೋ, ಹಳೆಯದೇ ಗಿಡವೋ? ಬೀಜದಿಂದ ಹುಟ್ಟಿದ್ದಾದರೆ ಮಗು ಅನ್ನಬಹುದಿತ್ತು. ಇದು ಅದರದೇ ಕೈ. ಬೆಂಗಳೂರಿನ ಹೊರಗೆ ರಾಮೋಹಳ್ಳಿಯ ದೊಡ್ಡ ಆಲದ ಮರದ ಮೂಲ ಕಾಂಡ ರೋಗ ಬಿದ್ದು ಸತ್ತುಹೋಗಿದೆ. ಬಿಳಲುಗಳೇ ಕಾಂಡಗಳಾಗಿ ಮೂರು ಎಕರೆಯಷ್ಟು ಜಾಗದಲ್ಲಿ ಮರ ನಿಂತಿದೆ. ಅದನ್ನು ಯಾರೂ ಹಲವು ಮರ ಅನ್ನುವುದಿಲ್ಲ, ನಾಲ್ಕು ಶತಮಾನದ ಒಂದೇ ಮರ ಎಂದು ಕರೆದುಕೊಂಡು ಹೋಗಿ ತೋರಿಸುತ್ತೇವೆ. ಆ ಲೆಕ್ಕ ಹಿಡಿದರೆ ಕೆಂಪು ದಾಸವಾಳವೂ ಒಂದೇ ಗಿಡವಿರಬಹುದು. ಆಲದ ಬಿಳಲು ನಿಂತಲ್ಲೇ ನೆಲ ಮುಟ್ಟಿತು, ಇದರ ಬಿಳಲನ್ನು ಜನ ಬಸ್ಸಿನಲ್ಲಿ, ದೋಣಿಯಲ್ಲಿ, ಹಡಗಿನಲ್ಲಿ ಹೊತ್ತು ಸಮುದ್ರದಾಚೆಗೂ ಊರಿದರು. ನಿಮ್ಮ ಮನೆಯ ಮುಂದಿನ ಗಿಡ ನೀವು ನೆಟ್ಟದ್ದು ಹತ್ತು ವರ್ಷದ ಹಿಂದೆ ಇರಬಹುದು. ಅದರ ಮೈ ಮಾತ್ರ ಒಮ್ಮೆಯೂ ಸಾಯದೆ, ಒಮ್ಮೆಯೂ ಮೊದಲಿನಿಂದ ಶುರುಮಾಡದೆ ಬಂದದ್ದು. ಊರೂರಿನ ತಳಿಗಳು ಬೇರೆ ಬೇರೆ ಇವೆ, ನಿಜ. ಒಂದೇ ಎಳೆ ಎಲ್ಲ ಕಡೆಗೂ ಹೋಗಿದೆ ಎಂದು ಪ್ರಮಾಣ ಮಾಡಲಾಗದು. ಆದರೆ ಪ್ರತಿ ಎಳೆಯೂ ಎಷ್ಟೋ ಮನುಷ್ಯರಿಗಿಂತ, ಎಷ್ಟೋ ರಾಜ್ಯಗಳಿಗಿಂತ ಹಳೆಯದು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಈಗಿನ ಮಲೇಷ್ಯಾ 1960ರಲ್ಲಿ ತನ್ನ ರಾಷ್ಟ್ರಪುಷ್ಪವಾಗಿ ಆರಿಸಿಕೊಂಡದ್ದು ಇದನ್ನೇ. ಎಲ್ಲಿಂದಲೋ ಬಂದ ಹೂವನ್ನು ನಮ್ಮದು ಎಂದು ಒಂದು ದೇಶ ಘೋಷಿಸಿಕೊಂಡದ್ದು ನನಗೆ ಬಹಳ ಹಿಡಿಸಿದ ತೀರ್ಮಾನ.

ಕೆಂಪಿನ ಮಾತಿಗೆ ಬರೋಣ. ಸಾಂಖ್ಯ, ವೇದಾಂತಗಳಲ್ಲಿ ಒಂದು ಪ್ರಸಿದ್ಧ ದೃಷ್ಟಾಂತವಿದೆ. ಸ್ಫಟಿಕದ ಪಕ್ಕದಲ್ಲಿ ಜಪಾಕುಸುಮವನ್ನಿಟ್ಟರೆ ಸ್ಫಟಿಕವೇ ಕೆಂಪಾಗಿ ಕಾಣುತ್ತದೆ. ಹೂ ತೆಗೆದರೆ ಸ್ಫಟಿಕ ಎಂದಿನಂತೆ ನಿರ್ಮಲ. ಸುಖದುಃಖಗಳ ಬಣ್ಣ ಆತ್ಮಕ್ಕೆ ಹತ್ತಿದಂತೆ ತೋರುವುದು ಹೀಗೆ ಎಂದು ಆಚಾರ್ಯರು ಬಿಡಿಸಿ ಹೇಳುತ್ತಾರೆ. ಲೋಕದಲ್ಲಿ ಕೆಂಪು ವಸ್ತುಗಳು ಬೇಕಾದಷ್ಟಿವೆ, ಈ ಕೆಲಸಕ್ಕೆ ದಾಸವಾಳವೇ ಬೇಕಾಯಿತು. ಕೆಂಪು ಅದರದು ಎಂಬುದರಲ್ಲಿ ಯಾರಿಗೂ ತಕರಾರಿರಲಿಲ್ಲ. ಸ್ಫಟಿಕದ್ದು ಸಾಲದ ಬಣ್ಣ, ಹೂವಿನದು ಸ್ವಂತದ್ದು.

ಆದರೆ ಆ ಹೂವನ್ನು ಅಡುಗೆಮನೆಗೆ ತನ್ನಿ. ತಂಬುಳಿ ಮಾಡುವುದಾದರೆ ಐದಾರು ಹೂವು ಸಾಕು. ತೊಟ್ಟು, ಹಸಿರು ಬಟ್ಟಲು, ನಡುವಿನ ಪರಾಗದ ದಂಡು ತೆಗೆದು ಎಸಳನ್ನಷ್ಟೆ ಇಟ್ಟುಕೊಂಡು, ಇರುವೆ ಇಲ್ಲದಂತೆ ತೊಳೆಯಬೇಕು. ಸಣ್ಣ ಚಮಚ ತುಪ್ಪದಲ್ಲಿ ಜೀರಿಗೆ, ನಾಲ್ಕು ಕಾಳುಮೆಣಸು ಹುರಿದು ಅದಕ್ಕೇ ಎಸಳು ಹಾಕಿ. ಬಾಣಲೆಯ ಬಿಸಿ ತಾಗುತ್ತಿದ್ದ ಹಾಗೆ ಆ ಉಜ್ವಲ ಕೆಂಪು ಕುಗ್ಗಿ, ನೇರಳೆಗೆ ತಿರುಗಿ, ಮಬ್ಬಾಗುತ್ತದೆ. ಮೊದಲ ಸಲ ಮಾಡುವವರಿಗೆ ಎಲ್ಲ ಹಾಳಾಯಿತು ಅನಿಸುವುದೇ ಇಲ್ಲಿ. ತೆಂಗಿನತುರಿಯ ಜೊತೆ ನುಣ್ಣಗೆ ರುಬ್ಬಿ, ಕಡೆದ ಮಜ್ಜಿಗೆ ಬೆರೆಸಿ. ಮಜ್ಜಿಗೆಯ ಹುಳಿ ಸೋಕಿದ್ದೇ ನೇರಳೆ ಹಿಂದೆ ಸರಿದು ಹದವಾದ ಗುಲಾಬಿ ಮೇಲೆದ್ದು ಬರುತ್ತದೆ. ಉಪ್ಪು ಹಾಕಿ, ಸಾಸಿವೆ ಒಗ್ಗರಣೆ ಕೊಟ್ಟು, ಬಿಸಿ ಅನ್ನಕ್ಕೆ ಕಲಸಿಕೊಂಡು ಊಟ ಮಾಡುವುದು. ಶರಬತ್ತಿನಲ್ಲಿ ಇದೇ ಆಟ ಇನ್ನೂ ಸ್ಪಷ್ಟ. ಕುದಿಯುವ ನೀರಿಗೆ ಎಸಳು ಹಾಕಿ ಮುಚ್ಚಿಟ್ಟರೆ ನೀರು ನೇರಳೆಯಾಗುತ್ತದೆ, ಎಸಳು ಬಿಳಿಚಿಕೊಳ್ಳುತ್ತವೆ. ಸೋಸಿ, ಸಕ್ಕರೆ ಕರಗಿಸಿ, ನಿಂಬೆರಸ ಹಿಂಡಿದರೆ ಹನಿ ಬಿದ್ದಲ್ಲಿಂದ ಕೆಂಪು ಬಿಚ್ಚಿಕೊಳ್ಳುತ್ತಾ ಹೋಗುತ್ತದೆ. ಅದೇ ನೇರಳೆ ನೀರಿನ ಇನ್ನೊಂದು ಲೋಟಕ್ಕೆ ಚಿಟಿಕೆ ಅಡುಗೆ ಸೋಡಾ ಹಾಕಿ ನೋಡಿ (ಅದನ್ನು ಕುಡಿಯುವುದು ಬೇಡ), ಹಸಿರಾಗುತ್ತದೆ! ಏಳನೇ ತರಗತಿಯ ವಿಜ್ಞಾನದ ಪುಸ್ತಕದಲ್ಲಿ ದಾಸವಾಳದ ಸೂಚಕ ಎಂಬ ಪ್ರಯೋಗವಾಗಿ ಇದೇ ಇದೆ: ಆಮ್ಲಕ್ಕೆ ಕಡುಗುಲಾಬಿ, ಪ್ರತ್ಯಾಮ್ಲಕ್ಕೆ ಹಸಿರು.

ಎಸಳಿನಲ್ಲಿರುವುದು ಆಂಥೋಸಯನಿನ್ ಎಂಬ ವರ್ಣದ್ರವ್ಯ. ಸುತ್ತಲಿನ ರಸ ಎಷ್ಟು ಹುಳಿ ಎಂಬುದರ ಮೇಲೆ ಅದರ ಅಣುವಿನ ಆಕಾರ ಸ್ವಲ್ಪ ಬದಲಾಗುತ್ತದೆ, ಅದರೊಂದಿಗೆ ಅದು ನುಂಗುವ ಬೆಳಕೂ ಬದಲಾಗುತ್ತದೆ. 1915ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಡೆದ ಜರ್ಮನಿಯ ರಿಚರ್ಡ್ ವಿಲ್‌ಷ್ಟೆಟರ್ ಕೆಂಪು ಗುಲಾಬಿಯನ್ನೂ ಕಡುನೀಲಿಯ ಕಾರ್ನ್‌ಫ್ಲವರನ್ನೂ ಬೇರೆ ಬೇರೆಯಾಗಿ ಅರೆದು ನೋಡಿದರೆ ಎರಡರಲ್ಲೂ ಸಿಕ್ಕಿದ್ದು ಒಂದೇ ಬಣ್ಣದ ವಸ್ತು. (ನೀಲಿಗೆ ಹುಳಿಯೊಂದೇ ಕಾರಣವಲ್ಲ, ಕಬ್ಬಿಣದಂಥ ಲೋಹದ ಅಂಶವೂ ಸೇರಿದೆ ಎಂದು ಆಮೇಲೆ ತಿಳಿಯಿತು.) ಅಂದರೆ ದಾಸವಾಳದ ಕೆಂಪೂ ಪೂರ್ತಿ ಅದರದಲ್ಲ. ಎಸಳಿನ ಕಣದೊಳಗಿನ ರಸ ಒಂದಿಷ್ಟು ಹುಳಿಯಾಗಿರುವವರೆಗೆ ಅದು ಕೆಂಪು. ಆಚಾರ್ಯರು ಸ್ವಂತದ್ದು ಎಂದು ನಂಬಿ ಸ್ಫಟಿಕದ ಪಕ್ಕದಲ್ಲಿಟ್ಟ ಬಣ್ಣವೇ ಇನ್ನೊಂದರ ಸಹವಾಸದಿಂದ ಬಂದದ್ದು. ದೃಷ್ಟಾಂತ ಇದರಿಂದ ಕೆಟ್ಟಿತೆಂದು ನಾನು ತಿಳಿದಿಲ್ಲ. ಒಂದು ಮೆಟ್ಟಿಲು ಕೆಳಗಿಳಿಯಿತು ಅಷ್ಟೆ: ಯಾವುದು ಸ್ವಂತ, ಯಾವುದು ಸಾಲ ಎಂಬ ಪ್ರಶ್ನೆಯನ್ನು ಈಗ ಹೂವಿಗೂ ಕೇಳಬೇಕಾಗಿದೆ. ತಂಬುಳಿ ಕಲಸುವ ಕೈಯ ಮುಂದೆ ದಿನವೂ ನಡೆಯುತ್ತಿದ್ದ ಈ ಬದಲಾವಣೆಯನ್ನು ಆ ಕಾಲದ ಯಾವುದಾದರೂ ಮನೆಯೊಡತಿ ಪಂಡಿತರ ಕಿವಿಗೆ ಹಾಕಿದ್ದರೆ ಭಾಷ್ಯಗಳಿಗೆ ಇನ್ನೊಂದು ಪುಟ ಸೇರುತ್ತಿತ್ತೇನೋ.

ತಿನ್ನುವ ಮಾತು ಬಂತಲ್ಲ, ಗುರುತಿನ ಬಗ್ಗೆ ಒಂದಿಷ್ಟು ಕಟ್ಟುನಿಟ್ಟಾಗಿ ಹೇಳಬೇಕು. ದಾಸವಾಳದ ಎಲೆ ಕೊಂಬೆಯ ಮೇಲೆ ಒಂದಾದ ಮೇಲೊಂದರಂತೆ, ಗಂಟಿಗೊಂದರಂತೆ ಬರುತ್ತದೆ. ಹೊಳಪಾಗಿ, ಅಂಚಿನಲ್ಲಿ ಗರಗಸದ ಹಲ್ಲಿರುತ್ತದೆ. ಬೆರಳಲ್ಲಿ ಹಿಸುಕಿದರೆ ಲೋಳೆ ಬರುತ್ತದೆ, ಹಾಲು ಬರುವುದಿಲ್ಲ. ಅದೇ ಬೇಲಿಯಲ್ಲಿ ಪಕ್ಕಕ್ಕೇ ಇರಬಹುದಾದ ಕಣಗಿಲೆಯ ಎಲೆ ಉದ್ದ, ಕಿರಿದು, ಗಂಟಿಗೆ ಮೂರರಂತೆ ಸುತ್ತುಗಟ್ಟಿರುತ್ತದೆ. ಅದರ ಹೂವು, ಎಲೆ, ಕಡ್ಡಿ ಯಾವುದೂ ಬಾಯಿಗೆ ಹೋಗಬಾರದು, ಹೃದಯವನ್ನೇ ನಿಲ್ಲಿಸುವ ವಿಷ. ಹೂವು ಎರಡೂ ಪೂಜೆಗೆ ಒಂದೇ ಬುಟ್ಟಿಯಲ್ಲಿ ಬರುವುದುಂಟಾದ್ದರಿಂದ, ದೇವರಿಗೆ ತಂದ ಬುಟ್ಟಿಯಿಂದ ಅಡುಗೆಗೆ ಎತ್ತಿಕೊಳ್ಳುವ ಅಭ್ಯಾಸ ಬೇಡ. ಆಚೀಚೆ ಎರಡು ಬೇರೆ ದಾಸವಾಳಗಳೂ ಕಾಣುತ್ತವೆ. ಎಸಳೆಲ್ಲ ಸೀಳಿ ಹಿಂದಕ್ಕೆ ಮಡಚಿ ಜುಮುಕಿಯ ಹಾಗೆ ತೂಗುವುದು ಪೂರ್ವ ಆಫ್ರಿಕಾದ್ದು. ಎಂದೂ ಪೂರ್ತಿ ಅರಳದೆ ಮೊಗ್ಗಾಗಿಯೇ ನೇತಾಡುವುದು ಅಮೆರಿಕದ ಕಡೆಯಿಂದ ಬಂದ ದೂರದ ನಂಟ. ನರ್ಸರಿಗಳಲ್ಲಿ ಕುಂಡದಲ್ಲಿ ಕೂತ, ಅಂಗೈ ಮೀರಿದ ಹಳದಿ-ಕೇಸರಿ-ನೇರಳೆ ಹೂಗಳು ಹವಾಯಿ, ಮಾರಿಷಸ್ ಮೊದಲಾದ ದ್ವೀಪಗಳ ಕಾಡು ದಾಸವಾಳಗಳನ್ನು ಕೂಡಿಸಿ ಕೂಡಿಸಿ ಮಾಡಿದವು. ನಮ್ಮ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲೂ ಅಂಥ ತಳಿಗಳನ್ನು ಬೆಳೆಸಿದ್ದಾರೆ. ನೋಡಲು ಚೆಂದ. ಆದರೆ ಅಡುಗೆಗೆ ಹಳೆಯ ಐದೆಸಳಿನ ಕೆಂಪೇ ಸರಿ ಎಂದು ನನ್ನ ತೀರ್ಮಾನ. ನರ್ಸರಿಯಿಂದ ತಂದ ಗಿಡಕ್ಕೆ ಏನೇನು ಹೊಡೆದಿರುತ್ತಾರೋ ನಮಗೆ ತಿಳಿಯದು. ರಸ್ತೆ ಬದಿಯದೂ ಬೇಡ. ಬಸುರಿಯರು, ಬಸುರಾಗಲು ಬಯಸುವವರು ಈ ಹೂವನ್ನು ತಿನ್ನದಿರುವುದು ಒಳಿತು. ಹಳೆಯ ವೈದ್ಯದಲ್ಲಿ ಇದನ್ನು ಗರ್ಭ ನಿಲ್ಲದಂತೆ ಕೊಡುತ್ತಿದ್ದುದೂ ಉಂಟು.

ಹೂವಿಗಿಂತ ಎಲೆಯ ಉಪಕಾರ ದೊಡ್ಡದು ಎಂದರೆ ಪೂಜೆ ಮಾಡುವವರು ಒಪ್ಪಲಿಕ್ಕಿಲ್ಲ, ತಲೆಗೂದಲು ತೊಳೆಯುವವರು ಒಪ್ಪುತ್ತಾರೆ. ಶಿರಸಿ-ಸಾಗರದ ಕಡೆ ಗಂಪು ಎನ್ನುವ ಲೋಳೆಯನ್ನು ಈ ಎಲೆಯಿಂದಲೂ ತೆಗೆಯುತ್ತಾರೆ: ತಣ್ಣೀರಲ್ಲಿ ಎಲೆ ಕಿವುಚಿ ಕಿವುಚಿ, ನಾರು ಹಿಂಡಿ ಬಿಸಾಡಿದರೆ ಬಟ್ಟಲಲ್ಲಿ ಉಳಿಯುವ ಹಸಿರು ಲೋಳೆ. ಎಣ್ಣೆ ಹಚ್ಚಿದ ತಲೆಗೆ ಸೀಗೆಯ ಒರಟುತನವಿಲ್ಲದೆ ಅದು ಜಾರುತ್ತಾ ಹೋಗುತ್ತದೆ. ಅದೇ ಎಲೆಯ ಎಳೆಯದನ್ನು ಆರಿಸಿ, ನೆನೆಸಿದ ಅಕ್ಕಿಯ ಜೊತೆ ರುಬ್ಬಿ ಹುಳಿ ಬರಲು ಬಿಟ್ಟರೆ ಮರುದಿನ ದಾಸವಾಳ ಸೊಪ್ಪಿನ ದೋಸೆ. ಉದ್ದು ಕಡಿಮೆ ಹಾಕಿದರೂ ಮೆತ್ತಗಾಗುತ್ತದೆ. ಲೋಳೆಯಲ್ಲಿರುವ ಉದ್ದುದ್ದ ಸಕ್ಕರೆಯ ಸರಪಳಿಗಳು ನೀರನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತವೆ, ಹುಳಿಯೇಳುವಾಗ ಹುಟ್ಟಿದ ಗುಳ್ಳೆಗಳನ್ನೂ ಹೋಗಗೊಡುವುದಿಲ್ಲ. ಕೂದಲಿಗೆ ಜಾರು, ದೋಸೆಗೆ ಹಿಡಿತ. ಎರಡೂ ಒಂದೇ ಲೋಳೆ. ಬೆಂಡೆಕಾಯಿ ಕೊಯ್ದಾಗ ಬೆರಳಿಗಂಟುವುದೂ ಇದೇ ಜಾತಿಯದು. ಬೆಂಡೆ ಇದರ ಹತ್ತಿರದ ಬಂಧು, ಲಿನೇಯಸ್ ಅದನ್ನೂ ದಾಸವಾಳದ ಕುಲದಲ್ಲೇ ಇಟ್ಟಿದ್ದ. ಹತ್ತಿ ಇನ್ನೊಂದು. ಉತ್ತರ ಕರ್ನಾಟಕದಲ್ಲಿ ಜೋಳದ ರೊಟ್ಟಿಗೆ ಪುಂಡಿ ಪಲ್ಯ ಹಚ್ಚಿಕೊಂಡು ಉಣ್ಣುವವರು ತಿನ್ನುತ್ತಿರುವುದೂ ಇದೇ ಕುಲದ ಸೊಪ್ಪನ್ನು. ಬಯಲುಸೀಮೆಯವರಿಗೆ ದಾಸವಾಳ ತಿನ್ನುತ್ತೀರಾ ಎಂದು ಕೇಳಿದರೆ ಹುಬ್ಬೇರಿಸುತ್ತಾರೆ. ತಟ್ಟೆಯಲ್ಲಿ ಅದರ ಒಡಹುಟ್ಟೇ ಕೂತಿರುತ್ತದೆ.

ಪುಂಡಿ ಬೀಜದಿಂದ ಬರುತ್ತದೆ, ಹೊಲದಲ್ಲಿ ಬೆಳೆಯುತ್ತದೆ, ಸಂತೆಯಲ್ಲಿ ಸಿಗುತ್ತದೆ. ಬೆಂಡೆಯದೂ ಹಾಗೆಯೇ. ದಾಸವಾಳವನ್ನು ನಮ್ಮಲ್ಲಿ ಹೆಚ್ಚಿನವರು ಬೆಳೆಯೆಂದು ಬೆಳೆಯಲಿಲ್ಲ, ಸೊಪ್ಪೆಂದು ಸಂತೆಗೆ ಒಯ್ಯಲಿಲ್ಲ. ಗಿಡಕ್ಕೊಂದು ಬೆಲೆ ಬಿದ್ದಿದ್ದು ನರ್ಸರಿಗಳು ಬಂದ ಮೇಲೆಯೇ. ಈಗ ನೂರಿನ್ನೂರು ಕೊಟ್ಟು ಪ್ಲಾಸ್ಟಿಕ್ ಕುಂಡದಲ್ಲಿ ತಂದು, ಬಿಳಿಹೇನು ಹತ್ತಿ ಸತ್ತರೆ ಎಸೆದು, ಮತ್ತೊಂದು ತರುತ್ತೇವೆ. ಅಪಾರ್ಟ್‌ಮೆಂಟಿನಲ್ಲಿ ಗೆಲ್ಲು ಕೇಳಲು ಯಾರ ಬಾಗಿಲು ತಟ್ಟುವುದು ಎಂಬ ಸಂಕೋಚವೂ ಇದೆ. ಹಳೆಯ ಮನೆ ಕೆಡವಿ ಕಟ್ಟುವಾಗ ಮೊದಲು ಹೋಗುವುದು ಕಾಂಪೌಂಡಿಗೊರಗಿದ ಆ ಗಿಡ. ಜೆಸಿಬಿ ಬಂದ ದಿನ ಒಂದು ಗೆಲ್ಲು ಮುರಿದಿಟ್ಟುಕೊಳ್ಳದಿದ್ದರೆ ಆ ಎಳೆ ಆ ಬೀದಿಯಲ್ಲಿ ಅಲ್ಲಿಗೇ ಮುಗಿಯಿತು. ಬೀಜ ಬಿಟ್ಟು ಹೋಗುವ ಗಿಡವಾಗಿದ್ದರೆ ಮುಂದಿನ ಮಳೆಗೆ ತಾನೇ ಎದ್ದೀತೆಂದು ಕಾಯಬಹುದಿತ್ತು.

ಹಾಗಾಗಿ ಮುಂಗಾರು ಹಿಡಿದ ಮೇಲೆ ನಿಮ್ಮ ಬೀದಿಯ ಹಳೆಯ ದಾಸವಾಳದ ಮನೆಗೆ ಹೋಗಿ ಕೇಳಿ. ಕೊಡುತ್ತಾರೆ; ಬೇಡ ಎಂದವರನ್ನು ನಾನಂತೂ ಕಂಡಿಲ್ಲ. ಬಲಿತು ಕಂದು ತಿರುಗಿದ, ಪೆನ್ಸಿಲ್ ದಪ್ಪದ, ಮೂರು ನಾಲ್ಕು ಗಂಟಿರುವ ಗೇಣುದ್ದದ ಕಡ್ಡಿ ಸಾಕು. ಬುಡದ ಕಡೆ ಓರೆಯಾಗಿ, ತುದಿಯ ಕಡೆ ನೇರವಾಗಿ ಕತ್ತರಿಸಿಕೊಳ್ಳಿ. ಮನೆಗೆ ಬರುವಷ್ಟರಲ್ಲಿ ಯಾವುದು ಕೆಳಗು ಎಂದು ಮರೆತರೂ ಓರೆ ಹೇಳುತ್ತದೆ. ಎರಡು ಗಂಟು ಮಣ್ಣಿನೊಳಗೆ ಹೋಗಲಿ, ನೀರು ನಿಲ್ಲದಿರಲಿ. ಚಿಗುರೊಡೆದ ಮೇಲೂ ಒಂದು ತಿಂಗಳು ಅಲ್ಲಾಡಿಸಿ ನೋಡಬೇಡಿ.